ಬಂಜೆ ಎನ್ನುವ ಮೊದಲು ಗಂಡಿನ ಪರೀಕ್ಷೆಯಾಗಲಿ



ಇಂಥ ವಿಷಯವನ್ನು ಈ ಪತ್ರಿಕೆಗೆ ಬರೆಯಬಹುದೇ ಎಂದು ಬಹಳ ದಿನ ಯೋಚಿಸಿದೆ. ವೀರ್ಯ, ಅಂಡಾಣು, ಮುಟ್ಟು, ಗರ್ಭಕೋಶ ಎಂಬ ಮಾತುಗಳನ್ನು ಮಠದಿಂದ ಮನೆಮನೆಗೆ ಹೋಗುವ ಪತ್ರಿಕೆಯಲ್ಲಿ ಅಚ್ಚು ಮಾಡಿದರೆ ಕೆಲವು ಹಿರಿಯರು ಮುಖ ಸಿಂಡರಿಸಬಹುದು. ಆದರೆ ‘ಬಂಜೆ’ ಎಂಬ ಮಾತನ್ನು ಮನೆಯ ಪಡಸಾಲೆಯಲ್ಲಿ, ಜಾತ್ರೆಯಲ್ಲಿ, ಮದುವೆಯ ಹಂದರದಲ್ಲಿ ಹತ್ತು ಮಂದಿಯ ಎದುರು ಆಡಲು ನಮಗೆ ನಾಚಿಕೆ ಬಂದಿಲ್ಲ. ಆ ಮಾತನ್ನು ಆಡಲು ಬಾರದ ನಾಚಿಕೆ, ಅದು ಸುಳ್ಳೆಂದು ತೋರಿಸುವ ಪರೀಕ್ಷೆಯ ಹೆಸರು ಹೇಳಲು ಯಾಕೆ ಬರಬೇಕು? ಹೀಗೆಂದು ನನ್ನನ್ನು ನಾನೇ ಕೇಳಿಕೊಂಡು ಬರೆಯಲು ಕುಳಿತಿದ್ದೇನೆ. ನಾನು ವೈದ್ಯನಲ್ಲ. ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದ ಎಂಜಿನಿಯರ್. ನನ್ನ ಮನೆಯಲ್ಲಿ ಆದದ್ದನ್ನೂ, ವೈದ್ಯರಿಂದ ಕೇಳಿ ಓದಿ ತಿಳಿದದ್ದನ್ನೂ ಹೇಳುತ್ತೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅಡುಗೆಮನೆಯಲ್ಲಿ ಉಳಿದ ಅಕ್ಕ

ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕನ ಮದುವೆ 1973ರಲ್ಲಿ ಆಯಿತು. ಎಂಟು ವರ್ಷ ಮಕ್ಕಳಾಗಲಿಲ್ಲ. ಹರಕೆ ಹೊತ್ತಳು, ಸೋಮವಾರ ಉಪವಾಸ ಮಾಡಿದಳು, ಯಾರೋ ಕೊಟ್ಟ ಬೇರು ಅರೆದು ಕುಡಿದು ವಾರಗಟ್ಟಲೆ ಹೊಟ್ಟೆನೋವು ತಿಂದಳು. 1981ರ ಬೇಸಿಗೆಯಲ್ಲಿ ಅವಳ ಗಂಡನ ಮನೆಯ ಹಿರಿಯರು ನಮ್ಮ ಪಡಸಾಲೆಗೆ ಬಂದು ಕುಳಿತರು. ವಂಶ ಬೆಳೆಯಬೇಕು, ಇನ್ನೊಂದು ಮದುವೆ ಮಾಡುತ್ತೇವೆ, ನಿಮ್ಮ ಮಗಳು ಬೇಕಾದರೆ ಇರಲಿ, ಬೇಡವಾದರೆ ಕರೆದುಕೊಳ್ಳಿ ಎಂದರು. ನಮ್ಮ ಅಪ್ಪ ತಲೆ ತಗ್ಗಿಸಿ ಕುಳಿತ. ನಾನು ಆಗತಾನೆ ಎಂಜಿನಿಯರಿಂಗ್ ಪದವಿ ಮುಗಿಸಿ ನೌಕರಿಗೆ ಸೇರಿದ್ದೆ. ಆ ಸಭೆಯಲ್ಲಿ ವಿಜ್ಞಾನ ಓದಿದವನು ನಾನೊಬ್ಬನೇ. ಭಾವನ ತಪಾಸಣೆಯಾಗಿದೆಯೇ ಎಂದು ಕೇಳಬೇಕಾದವನೂ ನಾನೇ. ನಾನು ಕೇಳಲಿಲ್ಲ. ಆ ಪ್ರಶ್ನೆ ಮನಸ್ಸಿಗೂ ಬರಲಿಲ್ಲ.

ಮರುವರ್ಷ ಭಾವ ಇನ್ನೊಂದು ಮದುವೆ ಮಾಡಿಕೊಂಡ. ಐದು ವರ್ಷ ಕಳೆದರೂ ಆಕೆಗೂ ಮಕ್ಕಳಾಗಲಿಲ್ಲ. ಸುದ್ದಿ ನಮ್ಮೂರಿಗೆ ಬಂದಾಗ ನಮ್ಮ ಅವ್ವನಿಗೆ ಒಳಗೊಳಗೇ ಸಮಾಧಾನವಾಯಿತು. ಅಕ್ಕ ಮಾತ್ರ, “ಪಾಪ, ಆ ಹುಡುಗೀಗೂ ಈಗ ಅದನ್ನ ಅಂತಾರ” ಎಂದು ಹೇಳಿ ಹೊಲಿಗೆ ಯಂತ್ರದ ಮುಂದೆ ಕುಳಿತಳು.

ನನ್ನ ಮಗನ ತೊಟ್ಟಿಲು ಕಾರ್ಯದ ದಿನ ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬರಬೇಡವೆಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಕರೆಯಲಿಲ್ಲ. ಬಂದ ಹೆಣ್ಣುಮಕ್ಕಳೆಲ್ಲ ಉಡಿ ತುಂಬಿಸಿಕೊಂಡು ಹೋದರು. ಅಕ್ಕ ಹೋಳಿಗೆ ಬೇಯಿಸುತ್ತ ಒಳಗೇ ಉಳಿದಳು. ಆ ಮಗುವನ್ನು ಮುಂದೆ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. 2011ರಲ್ಲಿ ಲಿಂಗೈಕ್ಯಳಾದಳು. ಆಕೆಯಲ್ಲಿ ದೋಷವಿತ್ತೋ ಇಲ್ಲವೋ ಎಂದು ಕೊನೆಯವರೆಗೂ ಯಾರೂ ಪರೀಕ್ಷಿಸಲಿಲ್ಲ. ತೀರ್ಪು ಮಾತ್ರ ಮೂವತ್ತು ವರ್ಷ ನಡೆಯಿತು.

ವೀರ್ಯ ಪರೀಕ್ಷೆ ಹೇಗೆ ಮಾಡಬೇಕೆಂಬ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸಲ ಹೊರತಂದದ್ದು 1980ರಲ್ಲಿ. ನಮ್ಮ ಪಡಸಾಲೆಯಲ್ಲಿ ಸಭೆ ಸೇರಿದ್ದು 1981ರಲ್ಲಿ. ಆ ಪರೀಕ್ಷೆಗೆ ಮುಖ್ಯವಾಗಿ ಬೇಕಾದದ್ದು ಒಂದು ಸೂಕ್ಷ್ಮದರ್ಶಕ ಮತ್ತು ನೋಡಿ ಎಣಿಸಬಲ್ಲ ಒಬ್ಬ ತಂತ್ರಜ್ಞ. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು, ಗಂಡಸಿನಲ್ಲೂ ಕೊರತೆ ಇರಬಹುದು ಎಂದು ಒಪ್ಪುವ ಮನಸ್ಸು. ನಮ್ಮಲ್ಲಿ ಇರದಿದ್ದದ್ದು ಅದು.

ಸೊಸೆ ಇಟ್ಟ ಫೈಲು

ಅದೆಲ್ಲ ಹಳೆಯ ಕಾಲ, ಈಗ ಹಾಗಿಲ್ಲ ಎನ್ನುವವರಿಗೆ ಇನ್ನೊಂದು ಮಾತು. ಕೆಲವು ವರ್ಷಗಳ ಹಿಂದೆ, ಮಗನ ಮದುವೆಯಾಗಿ ಮೂರು ವರ್ಷವಾಗಿದ್ದಾಗ, ಒಂದು ಸಂಜೆ ಸೊಸೆ ನನಗೆ ಚಹಾ ಕೊಟ್ಟು, ಪಕ್ಕದಲ್ಲಿ ಒಂದು ಫೈಲು ಇಟ್ಟಳು. “ಮಾವಾರ, ಇದರಾಗ ಇರೂ ರಿಪೋರ್ಟ್ ಎಲ್ಲಾ ನನ್ನವ ಅದಾವ್ರಿ. ಅವರದು ಒಂದೂ ಇಲ್ಲ” ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಫೈಲು ತೆಗೆದು ನೋಡಿದೆ. ಹದಿನಾಲ್ಕು ಹಾಳೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ, ಮತ್ತೆ ರಕ್ತ ಪರೀಕ್ಷೆ. ಎಲ್ಲದರ ಮೇಲೂ ಅವಳ ಹೆಸರು. ಇಬ್ಬರು ವೈದ್ಯರು ಬದಲಾಗಿದ್ದರು. ನನ್ನ ಹೆಂಡತಿ ಇನ್ನೊಂದು ಹರಕೆಗೆ ದಿನ ನೋಡುತ್ತಿದ್ದಳು. ಕೆಲಸದಲ್ಲಿದ್ದಾಗ, ಅರ್ಧ ತಪಾಸಣೆಯೇ ಆಗದ ಕಡತ ಮೇಜಿಗೆ ಬಂದರೆ ನಾನು ಹಿಂದಕ್ಕೆ ಕಳಿಸುತ್ತಿದ್ದೆ. ನನ್ನ ಮನೆಯಲ್ಲೇ ಅಂಥ ಕಡತ ತಯಾರಾಗುತ್ತಿದ್ದರೂ ನನಗೆ ಗೊತ್ತಾಗಿರಲಿಲ್ಲ.

ಅಂದು ರಾತ್ರಿ ಮಗನನ್ನು ಕೂಡಿಸಿಕೊಂಡು ಮಾತಾಡಿದೆ. “ಅಪ್ಪಾ, ನನಗೇನಾಗೇದ? ನಾ ಗಟ್ಟಿ ಅದೀನಿ” ಎಂದ. “ನಿಮ್ಮ ಅತ್ತಿಯ ಗಂಡನೂ ಹಂಗ ಅಂತಿದ್ದ” ಎಂದೆ. ಅತ್ತಿಯ ಕೈತುತ್ತು ತಿಂದು ಬೆಳೆದ ಹುಡುಗ. ಬಹಳ ಹೊತ್ತು ಸುಮ್ಮನಿದ್ದ. ಮುಂದಿನ ವಾರ ತಾನಾಗಿಯೇ ಪ್ರಯೋಗಾಲಯಕ್ಕೆ ಹೋಗಿ ಬಂದ. ವೀರ್ಯಾಣುಗಳ ಸಂಖ್ಯೆ ಕಡಿಮೆ ಇತ್ತು. ಎರಡನೆಯ ಸಲ ನೋಡಿದಾಗಲೂ ಹಾಗೇ ಬಂತು. ಒಂದು ವರ್ಷಕ್ಕೂ ಮೇಲೆ ಸೊಸೆ ಅನುಭವಿಸಿದ ಸೂಜಿ, ನೋವು, ಜನರ ಮಾತು, ಎಲ್ಲಕ್ಕೂ ಮೊದಲು ಆಗಬೇಕಿದ್ದ ಪರೀಕ್ಷೆ ಅದು.

ಮುಂದೆ ಏನಾಯಿತು, ಮಗು ಆಯಿತೇ ಎಂದು ನೀವು ಕೇಳಬಹುದು. ಅದನ್ನು ನಾನು ಬರೆಯುವುದಿಲ್ಲ. ಅದು ಅವರಿಬ್ಬರ ವಿಷಯ. ಮಗು ಆಯಿತು ಎಂದು ಬರೆದರೆ, ಮಗು ಆದದ್ದರಿಂದ ಪರೀಕ್ಷೆ ಸಾರ್ಥಕವಾಯಿತು ಎಂದು ನೀವು ತಿಳಿಯುತ್ತೀರಿ. ನಿಜ ಗೊತ್ತಾದ ದಿನವೇ ಅದು ಸಾರ್ಥಕವಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಒಬ್ಬಳ ಮೇಲೆ ಹೊರಿಸಿದ್ದ ಹೊರೆಯನ್ನು ಇಬ್ಬರೂ ಹೊತ್ತರು.

ಕಾಲುವೆ ಕಲಿಸಿದ ಪಾಠ

ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುತ್ತಿಲ್ಲವೆಂದು ರೈತರು ದೂರು ತಂದರೆ, ನಾವು ಆ ಹೊಲವನ್ನು ಅಗೆದು ನೋಡುತ್ತಿರಲಿಲ್ಲ. ಮೊದಲು ಮೇಲಿನ ತೂಬಿನಲ್ಲಿ ಎಷ್ಟು ನೀರು ಬಿಡುತ್ತಿದ್ದಾರೆ ಎಂದು ಅಳೆಯುತ್ತಿದ್ದೆವು. ನಡುವೆ ಎಲ್ಲಿ ಹೂಳು ತುಂಬಿದೆ, ಎಲ್ಲಿ ಒಡೆದಿದೆ ಎಂದು ದಂಡೆಯ ಮೇಲೆ ನಡೆದು ನೋಡುತ್ತಿದ್ದೆವು. ಸುಲಭವಾದ, ಖರ್ಚಿಲ್ಲದ ತಪಾಸಣೆ ಮೊದಲು, ಅಗೆತ ಕೊನೆಗೆ. ಇದು ಎಂಜಿನಿಯರಿಂಗ್ ಓದದ ನೀರಗಂಟಿಗೂ ಗೊತ್ತಿದ್ದ ಬುದ್ಧಿ.

ಮಕ್ಕಳಾಗದ ವಿಷಯದಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ನೋವಿಲ್ಲದ, ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಗಂಡಸಿನ ಪರೀಕ್ಷೆಯನ್ನು ಕೊನೆಗಿಡುತ್ತೇವೆ. ನೋವಿನ, ಸಾವಿರಾರು ರೂಪಾಯಿ ಬೇಡುವ ಹೆಂಗಸಿನ ಪರೀಕ್ಷೆಗಳನ್ನು ಮೊದಲು ಮಾಡಿಸುತ್ತೇವೆ.

ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಯಾವ ತಡೆಯೂ ಇಲ್ಲದೆ ದಾಂಪತ್ಯ ನಡೆಸಿದರೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ವ್ಯಾಖ್ಯೆ ಹೆಣ್ಣಿನದ್ದೂ ಅಲ್ಲ, ಗಂಡಿನದ್ದೂ ಅಲ್ಲ, ದಂಪತಿಯದ್ದು. 2023ರಲ್ಲಿ ಅದೇ ಸಂಸ್ಥೆ ಹೇಳಿದ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬದುಕಿನ ಯಾವುದಾದರೂ ಘಟ್ಟದಲ್ಲಿ ಈ ತೊಂದರೆ ಅನುಭವಿಸುತ್ತಾರೆ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಡೆಯ ಕಾರಣ ಒಂದೋ ತಾನೇ ಇರುತ್ತದೆ, ಇಲ್ಲವೇ ಹೆಣ್ಣಿನ ಕಡೆಯ ಕಾರಣದ ಜೊತೆ ಸೇರಿರುತ್ತದೆ. ಅರ್ಧ ಪಾಲು ಇರುವಲ್ಲಿ ತಪಾಸಣೆಯನ್ನೇ ಮಾಡದೆ ತೀರ್ಮಾನ ಕೊಡುವುದಕ್ಕೆ ಏನೆನ್ನಬೇಕು?

ಗಂಡಸರ ಪರೀಕ್ಷೆ

ಗಂಡಸರಿಗೆ ಮೊದಲ ಪರೀಕ್ಷೆ ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಮಾದರಿ ಕೊಡಬೇಕು. ಪ್ರಯೋಗಾಲಯದಲ್ಲೇ ಕೊಡುವುದು ಒಳ್ಳೆಯದು. ಮನೆಯಲ್ಲಿ ಸಂಗ್ರಹಿಸಿದರೆ ಒಂದು ಗಂಟೆಯೊಳಗೆ, ತಣ್ಣಗಾಗದಂತೆ ತಲುಪಿಸಬೇಕು. ತಂತ್ರಜ್ಞರು ಪ್ರಮಾಣ, ವೀರ್ಯಾಣುಗಳ ಸಂಖ್ಯೆ, ಚಲನೆ ಮತ್ತು ಆಕಾರ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಆರನೆಯ ಆವೃತ್ತಿಯ ಪ್ರಕಾರ ಕೆಳಗಿನ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣು, ಚಲಿಸುವವು ಶೇ. 42, ಸರಿಯಾದ ಆಕಾರದವು ಶೇ. 4.

ಈ ಅಂಕಿಗಳನ್ನು ಪಾಸು ನಪಾಸಿನ ಗೆರೆ ಎಂದು ತಿಳಿಯಬಾರದು. ಒಂದು ವರ್ಷದೊಳಗೆ ತಂದೆಯಾದ ಗಂಡಸರನ್ನು ಅಳೆದು, ಅವರಲ್ಲಿ ಅತಿ ಕಡಿಮೆ ಬಂದ ನೂರಕ್ಕೆ ಐವರನ್ನು ಕೆಳಗೆ ಬಿಟ್ಟು ಎಳೆದ ಗೆರೆ ಇದು. ಅಂದರೆ ಗೆರೆಯ ಕೆಳಗಿದ್ದೂ ತಂದೆಯಾದವರಿದ್ದಾರೆ, ಮೇಲಿದ್ದರೂ ಮಗು ಖಚಿತವಲ್ಲ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆ ನಡುವೆ ಜೋರು ಜ್ವರ ಬಂದಿದ್ದರೂ ಲೆಕ್ಕ ಕುಸಿಯುತ್ತದೆ. ಆದ್ದರಿಂದ ಒಂದು ಸಲ ಕಡಿಮೆ ಬಂದರೆ ಎದೆಗುಂದದೆ ವೈದ್ಯರು ಹೇಳಿದಷ್ಟು ಅಂತರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು.

ಎರಡನೆಯ ಸಲವೂ ಕಡಿಮೆ ಬಂದರೆ ವೈದ್ಯರು ದೇಹ ಪರೀಕ್ಷೆ ಮಾಡುತ್ತಾರೆ. ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್ ಬಹಳ ಜನರಲ್ಲಿ ಸಿಗುವ ಕಾರಣ. ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಉಪಯೋಗವಾಗುತ್ತದೆ. ಹಾರ್ಮೋನ್ ಪರೀಕ್ಷೆ ಬೇಕಾಗಬಹುದು. ವೀರ್ಯಾಣು ಒಂದೂ ಕಾಣದಿದ್ದರೆ, ತಯಾರಾಗುತ್ತಲೇ ಇಲ್ಲವೋ ಅಥವಾ ತಯಾರಾಗಿ ದಾರಿಯಲ್ಲಿ ತಡೆಯಾಗಿದೆಯೋ ನೋಡಬೇಕು. ಎರಡಕ್ಕೂ ಚಿಕಿತ್ಸೆಯ ದಾರಿ ಬೇರೆ. ಅಂಥವರಿಗೆ ವರ್ಣತಂತುಗಳ ಪರೀಕ್ಷೆಯನ್ನೂ ಹೇಳುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಬಂದ ಮಂಗನಬಾವು, ಸಕ್ಕರೆ ಕಾಯಿಲೆ, ತಂಬಾಕು, ಅತಿ ಕುಡಿತ, ಬೆಂಕಿಯ ಮುಂದೆ ಮಾಡುವ ಕೆಲಸ ಇವೂ ಕಾರಣವಾಗಬಲ್ಲವು. ಮೈಕಟ್ಟು ಬೆಳೆಸಲು ಜಿಮ್‌ಗಳಲ್ಲಿ ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಮತ್ತು ಸ್ಟೀರಾಯ್ಡ್‌ಗಳು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಹುದು. ತರುಣರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಇನ್ನೊಂದು ಮಾತು ಬಿಡಿಸಿ ಹೇಳಬೇಕು. ವೀರ್ಯಾಣು ಕಡಿಮೆ ಇರುವುದಕ್ಕೂ ಗಂಡಸುತನಕ್ಕೂ ಸಂಬಂಧ ಕಲ್ಪಿಸಬೇಡಿ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ, ಮೈಕೈ ಗಟ್ಟಿಯಿರುವ ಗಂಡಸಿನಲ್ಲೂ ವೀರ್ಯಾಣು ಇರದಿರಬಹುದು. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಕಣ್ಣು ಮಂದವಾದರೆ ಚಾಳೀಸು ಹಾಕಿಕೊಳ್ಳುವುದು ಅವಮಾನವಲ್ಲ. ಇದೂ ಹಾಗೆಯೇ.

ಹೆಣ್ಣುಮಕ್ಕಳ ಪರೀಕ್ಷೆ

ಹೆಂಗಸರ ಪರೀಕ್ಷೆ ಆಗಬಾರದೆಂದು ನಾನು ಹೇಳುತ್ತಿಲ್ಲ. ಇಬ್ಬರದೂ ಜೊತೆಜೊತೆಗೆ, ಕ್ರಮವಾಗಿ ಆಗಬೇಕು. 35 ವರ್ಷ ದಾಟಿದ ಹೆಣ್ಣುಮಕ್ಕಳು ವರ್ಷಗಟ್ಟಲೆ ಕಾಯದೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ಅಂಡಾಣುಗಳು ಹುಟ್ಟುವಾಗಲೇ ಲೆಕ್ಕವಾಗಿ ಬಂದಿರುತ್ತವೆ, ವಯಸ್ಸಾದಂತೆ ಸಂಖ್ಯೆಯೂ ಗುಣವೂ ಇಳಿಯುತ್ತವೆ. ಹರಕೆ ಉಪವಾಸಗಳಲ್ಲಿ ಕಳೆಯುವ ಐದು ವರ್ಷ ಮರಳಿ ಬರುವುದಿಲ್ಲ.

ಮೊದಲು ಕೇಳಿ ತಿಳಿಯುವುದು: ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತದೆಯೇ, ಆಗ ತಡೆಯಲಾಗದ ನೋವಿದೆಯೇ. ಅಂಡಾಣು ಬಿಡುಗಡೆಯಾಗಿದೆಯೇ ಎಂದು ನೋಡಲು ಮುಂದಿನ ಮುಟ್ಟಿಗೆ ಸುಮಾರು ಒಂದು ವಾರ ಮೊದಲು ಪ್ರೊಜೆಸ್ಟೆರಾನ್ ರಕ್ತ ಪರೀಕ್ಷೆ ಮಾಡುತ್ತಾರೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡುತ್ತಾರೆ. ಥೈರಾಯ್ಡ್ ಏರುಪೇರಾದರೆ ಕೆಲವೊಮ್ಮೆ ಒಂದು ಸಣ್ಣ ಮಾತ್ರೆಯಿಂದಲೇ ಮುಟ್ಟು ಸರಿಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ, ಅಂಡಾಶಯ ಕಾಣುತ್ತವೆ. ಪಿ.ಸಿ.ಓ.ಎಸ್., ಗಡ್ಡೆ ಇವು ತಿಳಿಯುತ್ತವೆ. ಎ.ಎಂ.ಎಚ್. ಎಂಬ ರಕ್ತ ಪರೀಕ್ಷೆ ಉಳಿದಿರುವ ಅಂಡಾಣುಗಳ ಅಂದಾಜು ಕೊಡುತ್ತದೆ, ಗುಣ ಹೇಳುವುದಿಲ್ಲ. ಅದೊಂದು ಅಂಕಿ ನೋಡಿ ಹೆದರಬೇಕಿಲ್ಲ.

ಗರ್ಭನಾಳ ತೆರೆದಿದೆಯೇ ಎಂದು ನೋಡಲು ಎಚ್.ಎಸ್.ಜಿ. ಎಂಬ ಎಕ್ಸ್‌ರೇ ಇದೆ. ಮುಟ್ಟು ನಿಂತ ಮೇಲೆ, ಅಂಡಾಣು ಬಿಡುಗಡೆಯಾಗುವ ಮುನ್ನ ಗರ್ಭಕೋಶಕ್ಕೆ ಬಣ್ಣದ ದ್ರವ ಹಾಯಿಸಿ ತೆಗೆಯುತ್ತಾರೆ. ಕೆಲವರಿಗೆ ನೋವಾಗುತ್ತದೆ. ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡುವ ಲ್ಯಾಪರೋಸ್ಕೋಪಿಗೆ ಅರಿವಳಿಕೆ ಕೊಡಬೇಕು. ಅದು ಎಲ್ಲರಿಗೂ ಬೇಕಾಗುವುದಿಲ್ಲ. ಗಂಡನ ವೀರ್ಯ ಪರೀಕ್ಷೆಯ ವರದಿ ಕೈಗೆ ಬರುವ ಮೊದಲು ಹೆಂಡತಿಯನ್ನು ಇಂಥ ಪರೀಕ್ಷೆಗೆ ಮಲಗಿಸಬೇಡಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಕ್ಷಯ. ಕೆಮ್ಮು ಕಫ ಇಲ್ಲದೆಯೂ ಕ್ಷಯ ಗರ್ಭನಾಳಕ್ಕೆ, ಗರ್ಭಕೋಶದ ಒಳಪದರಕ್ಕೆ ಇಳಿಯಬಹುದು. ಬಹಳ ಸಲ ಮಕ್ಕಳಾಗಲಿಲ್ಲವೆಂದು ನೋಡುವಾಗಲೇ ಅದು ಗೊತ್ತಾಗುತ್ತದೆ. ಸರಕಾರದ ಕಾರ್ಯಕ್ರಮದಲ್ಲಿ ಕ್ಷಯಕ್ಕೆ ಔಷಧಿ ಉಚಿತ.

ಎಲ್ಲ ಪರೀಕ್ಷೆ ಮಾಡಿದರೂ ಇಬ್ಬರಲ್ಲೂ ಕಾರಣ ಸಿಗದ ದಂಪತಿಗಳೂ ಇದ್ದಾರೆ. ಕಾರಣ ಸಿಗಲಿಲ್ಲವೆಂದರೆ ದೋಷ ಹೆಂಡತಿಯದ್ದು ಎಂದಲ್ಲ.

ಎರಡು ಬದಿಯ ಗುಂಡಿಗಳು

ದಾರಿಯ ಒಂದು ಬದಿಯಲ್ಲಿ ಮೌಢ್ಯದ ಗುಂಡಿ ಇದೆ. ಬೇರು ಕೊಡುವವರು, ತಾಯತ ಕಟ್ಟುವವರು, ನಾಗದೋಷ ಪಿತೃದೋಷ ಹೇಳುವ ಜ್ಯೋತಿಷಿಗಳು, ಗೋಡೆಯ ಮೇಲೆ ಗುಪ್ತರೋಗದ ಜಾಹೀರಾತು ಬರೆಸುವವರು. ಇಷ್ಟಲಿಂಗ ಕಟ್ಟಿಕೊಂಡವರು ಇವರ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುವುದನ್ನು ನೋಡಿದ್ದೇನೆ.

ಇನ್ನೊಂದು ಬದಿಯಲ್ಲಿ ವ್ಯಾಪಾರದ ಗುಂಡಿ. ಒಳಗೆ ಹೋದ ಮೊದಲ ದಿನವೇ ಪ್ರನಾಳ ಶಿಶುವಿನ ಲಕ್ಷಾಂತರ ರೂಪಾಯಿ ಲೆಕ್ಕ ಹೇಳುವ ಕೇಂದ್ರಗಳಿವೆ. ಅದು ದೊಡ್ಡ ವಿಜ್ಞಾನ, ಅನೇಕರಿಗೆ ವರ. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. ಅದೇ ವರ್ಷ ಕೊಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರೂ ಸಾಧಿಸಿ ತೋರಿಸಿದರು. ಆದರೆ ಅದು ಎಲ್ಲರಿಗೂ ಬೇಕಾಗುವ ಚಿಕಿತ್ಸೆಯಲ್ಲ, ಫಲ ಖಚಿತವೂ ಅಲ್ಲ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಇಂಥ ಕೇಂದ್ರಗಳು ನೋಂದಣಿಯಾಗಿರಲೇಬೇಕು. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸಿನ ಮಿತಿ ಇದೆ. ಗಂಡು ಮಗುವೇ ಬೇಕೆಂದು ಆರಿಸಿಕೊಡುವುದು ಅಪರಾಧ. ಹೊಲ ಮಾರುವ ಮೊದಲು ನೋಂದಣಿ ಪತ್ರ ನೋಡಿ, ನಮ್ಮ ವಯಸ್ಸಿಗೆ ಫಲದ ಸಾಧ್ಯತೆ ಎಷ್ಟು ಎಂದು ಕೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ಕಾನೂನಿನ ಮಾತೂ ಒಂದಿದೆ. 1955ರ ಹಿಂದೂ ವಿವಾಹ ಕಾಯಿದೆ ಲಿಂಗಾಯತರಿಗೂ ಅನ್ವಯವಾಗುತ್ತದೆಂದು ಅದರ ಎರಡನೆಯ ಕಲಮಿನಲ್ಲೇ ಬರೆದಿದೆ. ಮೊದಲ ಹೆಂಡತಿ ಇರುವಾಗ ಮಾಡಿಕೊಂಡ ಎರಡನೆಯ ಮದುವೆ ಮದುವೆಯೇ ಅಲ್ಲ, ಅದು ಶಿಕ್ಷೆಗೆ ಗುರಿಯಾಗುವ ಅಪರಾಧ. ಮಕ್ಕಳಾಗಲಿಲ್ಲ ಎಂಬುದನ್ನು ಆ ಕಾಯಿದೆ ವಿಚ್ಛೇದನಕ್ಕೆ ಕಾರಣವೆಂದು ಹೇಳಿಲ್ಲ. 1981ರಲ್ಲಿ ನಮ್ಮ ಪಡಸಾಲೆಯಲ್ಲಿ ನಡೆದದ್ದು ನ್ಯಾಯಪಂಚಾಯತಿಯಲ್ಲ, ಕಾನೂನುಬಾಹಿರ ಕೂಟ. ಅದರಲ್ಲಿ ನಾನೂ ಕುಳಿತಿದ್ದೆ.

ಶರಣರು ಬಿಡಿಸಿದ ಸೂತಕ, ನಾವು ಕಟ್ಟಿಕೊಂಡ ಸೂತಕ

ಹನ್ನೆರಡನೆಯ ಶತಮಾನದ ಬಸವಾದಿ ಶರಣರು ಜಾತಿ, ಜನನ, ರಜ, ಉಚ್ಛಿಷ್ಟ, ಮರಣ ಎಂಬ ಐದು ಸೂತಕಗಳನ್ನು ತಳ್ಳಿಹಾಕಿದರು. ಮುಟ್ಟಾದ ಹೆಣ್ಣೂ ಇಷ್ಟಲಿಂಗ ಪೂಜೆ ಮಾಡಬಹುದೆಂದರು. ಮುಟ್ಟಿನ ಮೈಲಿಗೆಯನ್ನೇ ಒಪ್ಪದ ಧರ್ಮ ನಮ್ಮದು. ಅಂಥ ನಾವು, ಮಕ್ಕಳಾಗದ ಹೆಣ್ಣಿನ ಉಡಿ ತುಂಬಬಾರದು, ಕುಬಸದಲ್ಲಿ ಅವಳು ಮುಂದೆ ಬರಬಾರದು, ತೊಟ್ಟಿಲು ಮುಟ್ಟಬಾರದು ಎಂಬ ಆರನೆಯ ಸೂತಕವನ್ನು ಎಲ್ಲಿಂದ ತಂದೆವು?

ಇನ್ನೂ ಒಂದು ವಿಚಾರ. ನಮ್ಮ ವಿರಕ್ತ ಮಠಗಳ ಪರಂಪರೆ ರಕ್ತದಿಂದ ನಡೆದು ಬಂದದ್ದಲ್ಲ. ಗುರುವಿನಿಂದ ಶಿಷ್ಯನಿಗೆ, ಅವನಿಂದ ಮುಂದಿನವನಿಗೆ ಅರಿವಿನ ಮೂಲಕ ನಡೆದು ಬಂದದ್ದು. ಅಕ್ಕಮಹಾದೇವಿ ಮಕ್ಕಳನ್ನು ಹೆತ್ತವಳಲ್ಲ, ನಾಡಿಗೇ ಅಕ್ಕ ಆದಳು. ಮಕ್ಕಳಿಲ್ಲದ ಜಗದ್ಗುರುಗಳ ಪಾದಕ್ಕೆ ಹಣೆ ಹಚ್ಚಿ ಮನೆಗೆ ಬಂದು, ಮಕ್ಕಳಿಲ್ಲದ ಸೊಸೆಯ ಮುಖ ನೋಡಿದರೆ ಅಪಶಕುನ ಎನ್ನುತ್ತೇವೆ. ಇದರಲ್ಲಿ ಭಕ್ತಿ ಎಲ್ಲಿದೆ?

‘ಎಲ್ಲ ಶಿವನಿಚ್ಛೆ, ಪರೀಕ್ಷೆ ಯಾಕೆ’ ಎನ್ನುವ ಹಿರಿಯರೂ ಇದ್ದಾರೆ. ಎದೆ ನೋವು ಬಂದರೆ ಅವರು ಶಿವನಿಚ್ಛೆ ಎಂದು ಮಲಗುವುದಿಲ್ಲ, ಆಸ್ಪತ್ರೆಗೆ ಹೋಗುತ್ತಾರೆ. ಹೋಗಲೇಬೇಕು. ಕಾಯವನ್ನು ಕಾಪಾಡಿಕೊಳ್ಳುವುದೂ ಕಾಯಕವೇ. ಗಂಡಿನ ಪರೀಕ್ಷೆಯ ಮಾತು ಬಂದಾಗ ಮಾತ್ರ ಶಿವನ ಹೆಸರು ಅಡ್ಡ ತರುವುದು ಭಕ್ತಿಯಲ್ಲ, ಭಯ.

ಮಠಗಳು ಏನು ಮಾಡಬಹುದು

ಪೂಜ್ಯರ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬೆಲೆ ಇದೆ. ವೈದ್ಯರು ಹತ್ತು ಸಲ ಹೇಳಿದರೂ ಕೇಳದ ಮಾವ, ಸ್ವಾಮಿಗಳು ಒಮ್ಮೆ ಹೇಳಿದರೆ ಕೇಳುತ್ತಾನೆ. ಆದ್ದರಿಂದ ನನ್ನ ವಿನಂತಿಗಳು ಇವು.

ಒಂದು, ಮಕ್ಕಳಿಲ್ಲವೆಂದು ದಂಪತಿ ಆಶೀರ್ವಾದಕ್ಕೆ ಬಂದಾಗ, ಇಬ್ಬರೂ ಪರೀಕ್ಷೆ ಮಾಡಿಸಿದ್ದೀರಾ ಎಂದು ಪೂಜ್ಯರು ಕೇಳಲಿ. ಗಂಡನ ಕಡೆ ನೋಡಿ ಕೇಳಲಿ.

ಎರಡು, ಸಾಮೂಹಿಕ ವಿವಾಹದಲ್ಲಿ ತಾಳಿ, ಬಟ್ಟೆಯ ಜೊತೆಗೆ ಎರಡು ಪುಟದ ತಿಳಿವಳಿಕೆ ಪತ್ರ ಕೊಡೋಣ. ಒಂದು ವರ್ಷದ ನಂತರ ಇಬ್ಬರೂ ಕೂಡಿ ವೈದ್ಯರ ಬಳಿ ಹೋಗಬೇಕು ಎಂಬುದಿಷ್ಟು ಅದರಲ್ಲಿರಲಿ. ಮದುವೆಗೆ ಮೊದಲೇ ಸಂತಾನ ಪರೀಕ್ಷೆ ಕಡ್ಡಾಯ ಮಾಡಬೇಕೆಂದು ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಂದಿನ ವರದಿ ನಾಳೆ ಬದಲಾಗುತ್ತದೆ. ಜಾತಕದ ಜಾಗದಲ್ಲಿ ಇನ್ನೊಂದು ಜಾತಕ ತಂದಂತಾಗುತ್ತದೆ, ಅದರಲ್ಲೂ ತಿರಸ್ಕೃತಳಾಗುವವಳು ಹೆಣ್ಣೇ.

ಮೂರು, ಜಾತ್ರೆಯ ಆರೋಗ್ಯ ಶಿಬಿರದಲ್ಲಿ ಕಣ್ಣು, ಸಕ್ಕರೆ, ರಕ್ತದೊತ್ತಡ ನೋಡುವ ಹಾಗೆ ದಂಪತಿಗಳಿಗೆ ಏಕಾಂತದಲ್ಲಿ ಸಲಹೆ ಕೊಡುವ ಒಬ್ಬ ವೈದ್ಯರೂ ಇರಲಿ. ವರದಿ ಗಂಡ ಹೆಂಡತಿಯ ಕೈಗೆ ಮಾತ್ರ ಹೋಗಲಿ. ಅತ್ತೆ ಮಾವಂದಿರು, ನಾನೂ ಸೇರಿ, ಅದನ್ನು ಒಡೆದು ಓದುವ ಹಕ್ಕುಳ್ಳವರಲ್ಲ. ಅವರಾಗಿ ತೋರಿಸಿದರೆ ಮಾತ್ರ ನೋಡಬೇಕು.

ನಾಲ್ಕು, ಮಠದಲ್ಲಿ ಉಡಿ ತುಂಬುವ ಕಾರ್ಯಕ್ರಮ ನಡೆದರೆ ಮಕ್ಕಳಿಲ್ಲದವರನ್ನು, ಗಂಡನನ್ನು ಕಳೆದುಕೊಂಡವರನ್ನು ಮೊದಲ ಸಾಲಿನಲ್ಲಿ ಕೂಡಿಸಿ. ಅದನ್ನು ನೋಡಿದ ಮೇಲೆ ಊರಿನಲ್ಲಿ ಯಾರೂ ಬಾಯಿ ತೆರೆಯಲಾರರು.

ಐದು, ಎಲ್ಲ ಪ್ರಯತ್ನದ ನಂತರವೂ ಮಗು ಆಗದಿದ್ದರೆ ದತ್ತು ತೆಗೆದುಕೊಳ್ಳುವ ದಾರಿ ಇದೆ. ಕಾನೂನುಬದ್ಧವಾಗಿ, ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಮೂಲಕ ಹೆಸರು ನೋಂದಾಯಿಸಬೇಕು. ಮಗುವಿನ ಜಾತಿ ಕೇಳಬೇಡಿ. ಕುಲ ಕೇಳಬಾರದೆಂದು ಭಾಷಣದಲ್ಲಿ ಹೇಳುವ ನಮಗೆ ಅದನ್ನು ಬಾಳಿ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ದತ್ತು ಬೇಡವೆನ್ನುವ ದಂಪತಿ ಹಾಗೆಯೇ ಇದ್ದರೂ ಅವರ ಬದುಕು ಅರೆಬರೆಯಲ್ಲ.

ಕಡೆಯ ಮಾತು ತರುಣರಿಗೆ. ಮಕ್ಕಳಾಗುವುದು ತಡವಾದರೆ ನೀವೇ ಮೊದಲು ಹೋಗಿ. ಹೆಂಡತಿ ಕೇಳುವವರೆಗೆ, ಅಪ್ಪ ಹೇಳುವವರೆಗೆ ಕಾಯಬೇಡಿ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯನ್ನು ನಮ್ಮ ಭಾವ ಕೊಡಲಿಲ್ಲ, ಕೊಡು ಎಂದು ನಾನು ಕೇಳಲಿಲ್ಲ. ಅದಕ್ಕೆ ಅಕ್ಕ ತನ್ನ ಮೂವತ್ತು ವರ್ಷ ಕೊಟ್ಟಳು.

ಕಳೆದ ವರ್ಷ ನಮ್ಮ ಬಂಧುಗಳ ಮನೆಯಲ್ಲಿ ತೊಟ್ಟಿಲು ಕಾರ್ಯವಿತ್ತು. ಮಕ್ಕಳಿಲ್ಲದ ಒಬ್ಬ ತಾಯಿ ಬಾಗಿಲ ಮರೆಯಲ್ಲಿ ನಿಂತಿದ್ದರು. ನನ್ನ ಸೊಸೆ ಎದ್ದು ಹೋಗಿ ಅವರ ಕೈ ಹಿಡಿದು ತಂದು ಮಗುವನ್ನು ಅವರ ಉಡಿಯಲ್ಲಿ ಹಾಕಿದಳು. ಯಾರೂ ಏನೂ ಅನ್ನಲಿಲ್ಲ. ನಾನು ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಸ್ವಲ್ಪ ಹೊತ್ತು ಕುಳಿತೆ.